ಕಂಬಿದಿಣ್ಣೆಯ ಹುರುಳಿ

"ಇಳಿಯೇ ಅಂದ್ರೆ ಇಳೀಬೇಕು. ಮನೆ ಬಾಗ್ಲಿಗೆ ಬಂದು ಹಂಗೇ ಹೊಂಟೋಯ್ತಾಳಂತೆ, ನೋಡಿದೋರು ಏನಂತಾರೆ?"

"ಇಳಿಯೋ ಹಂಗಿಲ್ಲ ಚಿಕ್ಕಮ್ಮಾ. ನಿನ್ನ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಬಿಟ್ಬಿಡು!"

"ಕಾಲಿಗೆ ಬೀಳೋಕಾದ್ರೂ ಇಳೀಬೇಕಲ್ಲೇ!"

ರೂಪ ಸೈಕಲ್ಲಿನ ಮೇಲೆ ಕೂತು ಅರಳಿಕಟ್ಟೆಯನ್ನು ಸುತ್ತುತ್ತಿದ್ದಳು. ಭಕ್ತಿಯಿಂದಲ್ಲ. ನಿಂತರೆ ಕಾಲೂರಬೇಕು, ಕಾಲೂರಿದರೆ ಇವತ್ತಿನ ಕತೆ ಮುಗಿಯಿತು. ನಿಲ್ಲದೆ ಹೋದರೆ ಮುನಿಲಕ್ಷ್ಮಮ್ಮ ಚಿಕ್ಕಮ್ಮ ಇನ್ನೊಂದಷ್ಟು ಮದುವೆ, ನಾಮಕರಣ ಕಳೆಯುವವರೆಗೂ ಮುಖ ತಿರುಗಿಸಿಕೊಂಡು ಓಡಾಡುತ್ತಾಳೆ. ನಿಲ್ಲದೆಯೂ ಹೋಗದೆಯೂ ಇರುವುದಕ್ಕೆ ಅವಳಿಗೆ ಹೊಳೆದ ಉಪಾಯ ಇದೊಂದೇ. ಚಿಕ್ಕಮ್ಮ ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಇನ್ನೊಂದರಲ್ಲಿ ಅವರೆಕಾಯಿಯ ಚೀಲ ಹಿಡಿದು ಹಿಂದೆ ಹಿಂದೆಯೇ ಓಡುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಕಾಲು ಮೇಲೆಳೆದುಕೊಂಡು ದಾರಿ ಬಿಟ್ಟು, ಪುಕ್ಕಟೆ ನಾಟಕ ನೋಡುತ್ತಿದ್ದರು.

"ಮುತ್ತೈದೆ ಬಂದು ಬರೀ ಹಣೇಲಿ ಹೋದ್ರೆ ನಂಗೆ ಒಳ್ಳೇದಾಯ್ತದಾ? ಹೋದ್ವಾರ ಇಳಿದು ಕಾಫಿ ಕುಡ್ಕೊಂಡು ಹೋಗ್ಲಿಲ್ವಾ ನೀನು?"

"ಅದಕ್ಕೇ ಕಣೇ ಚಿಕ್ಕಮ್ಮ ಹೋದ್ವಾರ ಹಾಳಾಗಿದ್ದು!"

ಹೋದ ಭಾನುವಾರ ಹಾಳಾದದ್ದು ಇಲ್ಲೇ, ಇದೇ ಕುಂಕುಮಕ್ಕೆ. ಅದರ ಹಿಂದಿನ ಭಾನುವಾರ ಡ್ಯಾಮಿನ ಏರಿಯ ಮೇಲೆ ಚೈನು ಕಳಚಿಕೊಂಡು ಹಾಳಾಗಿತ್ತು. ಇದು ಮೂರನೆಯದು, ಕೊನೆಯದೂ ಹೌದು. ನಾಳೆ ಬೆಳಿಗ್ಗೆ ರೂಪ ಕಂಪನಿಗೆ ಉತ್ತರ ಹೇಳಬೇಕಿತ್ತು.

ವಿಷಯ ಇಷ್ಟು. ಎರಡು ವರ್ಷದ ಕೆಳಗೆ ಬಾಶೆಟ್ಟಿಹಳ್ಳಿಯ ಕಂಪನಿ ಬಸ್ಸು ಹತ್ತುವಾಗ ಮಳೆಯಲ್ಲಿ ಮೆಟ್ಟಿಲು ಜಾರಿ ರೂಪಳ ಎಡಗಾಲು ಮುರಿದಿತ್ತು. ಒಳಗೆ ರಾಡು ಹಾಕಿದ್ದರು. ಗುಣವಾಗಿ ವಾಪಸು ಹೋದಾಗ ಕಂಪನಿಯವರು ಕೂತು ಮಾಡುವ ಕೆಲಸ ಕೊಟ್ಟರು, ಡಬ್ಬಿಗಳಿಗೆ ಲೇಬಲ್ ಅಂಟಿಸುವುದು. ಈಗ ಅದಕ್ಕೊಂದು ಮೆಷಿನ್ ಬಂದಿದೆ. ಸಂಕ್ರಾಂತಿ ಮುಗಿದ ಮೇಲಿನ ಸೋಮವಾರದಿಂದ ಪ್ಯಾಕಿಂಗ್ ಲೈನಿನಲ್ಲಿ ನಿಂತು ಕೆಲಸ ಮಾಡುವುದಾದರೆ ಬಾ, ಆಗದಿದ್ದರೆ ಬಿಟ್ಟುಬಿಡು ಎಂದು ಸೂಪರ್‌ವೈಸರ್ ಹೇಳಿದ್ದ. ಮನೆಯಲ್ಲಿ ಆ ಮಾತು ಬಂದಾಗ ಅವಳ ಗಂಡ ಕೆಂಪರಾಜ್ ತಟ್ಟೆಯಿಂದ ತಲೆ ಎತ್ತದೆ, "ಬಿಟ್ಬಿಡು" ಅಂದುಬಿಟ್ಟ. ಸಾರಿಗೆ ಉಪ್ಪು ಸಾಕು ಅನ್ನುವಷ್ಟೇ ಸಲೀಸಾಗಿ ಅಂದ.

ಅವಳಿಗೆ ಮೈ ಉರಿದುಹೋಯಿತು. ಎರಡು ವರ್ಷದಿಂದ ಆ ಮನೆಯಲ್ಲಿ ಅವಳ ಕಿವಿಗೆ ಬೀಳುತ್ತಿದ್ದ ಮಾತು ಒಂದೇ, "ನೀನು ಕೂತ್ಕೋ." ಬಿಂದಿಗೆ ಎತ್ತಿದರೆ, "ನೀನು ಕೂತ್ಕೋ." ಮುದ್ದೆ ತಿರುವಲು ಹೋದರೆ ಅತ್ತೆ ಅಮ್ಮಯಮ್ಮ ಕೋಲು ಕಿತ್ತುಕೊಂಡು, "ನೀನು ಕೂತ್ಕೋ." ಮಗಳು ಕೀರ್ತನಳನ್ನು ತುಮಕೂರಿನ ನರ್ಸಿಂಗ್ ಕಾಲೇಜಿಗೆ ಸೇರಿಸುವ ಮಾತನ್ನೂ ತಾಯಿ ಮಗ ಇಬ್ಬರೇ ಕೂತು ಮುಗಿಸಿ, ಆಮೇಲೆ ಅವಳಿಗೆ ತಿಳಿಸಿದ್ದರು. ಕಾಲು ಮುರಿದರೆ ತಲೆಯೂ ಮುರಿದಿರುತ್ತದೆ ಅಂತ ಯಾವ ಡಾಕ್ಟರು ಹೇಳಿದ್ದನೋ. ಅವಳಿಗೆ ಅಂತ ಉಳಿದಿದ್ದು ಬಸ್ಸು ಹತ್ತಿ ಹೋಗುವ ಆ ಕೆಲಸ, ಡಾಕ್ಟರ ಮಾತಿನಂತೆ ಭಾನುವಾರ ತುಳಿಯುವ ಸೈಕಲ್ಲು, ಎರಡೇ. ಸೈಕಲ್ಲು ಕೀರ್ತನಳದ್ದು, ಎಂಟನೇ ಕ್ಲಾಸಿನಲ್ಲಿ ಸ್ಕೂಲಿನಿಂದ ಕೊಟ್ಟಿದ್ದು. ಗೇರು ಗೀರು ಏನೂ ಇಲ್ಲ.

"ಎಂಟು ಗಂಟೆ ನಿಂತ್ಕೋಬೇಕು ಕಣೇ. ನಿನ್ನ ಕೈಲಿ ಆಗ್ತದಾ? ಡ್ಯಾಮು ಒಂದು ಸುತ್ತು ಹಾಕಿ, ಕಾಲು ನೆಲಕ್ಕೆ ಊರ್ದಂಗೆ ಕಂಬಿದಿಣ್ಣೆ ಹತ್ಬಿಡು ನೋಡಾನ. ಆಮೇಲೆ ನಾನು ಕೆಲ್ಸದ ಮಾತೇ ಎತ್ತಲ್ಲ," ಎಂದಿದ್ದ ಕೆಂಪರಾಜ್. ಅವನು ಅಂದಿದ್ದು ಬಾಯಿ ಮುಚ್ಚಿಸಲು. ಅವಳು, "ಆಯ್ತು," ಅಂದಳು.

ಕಂಬಿದಿಣ್ಣೆಯ ಹೆಸರು ಕೇಳಿದರೇ ಆ ಕಡೆಯವರಿಗೆ ಮಂಡಿ ನೋಯುತ್ತದೆ. ಬ್ರಿಟಿಷರ ಕಾಲದಲ್ಲಿ ಗುಡ್ಡದ ಮೇಲಿನ ಕಲ್ಲು ಇಳಿಸಲು ಹಾಕಿದ್ದ ಪುಟ್ಟ ರೈಲು ದಾರಿ ಅದು. ಉಕ್ಕಿನ ಹಗ್ಗ ಕಟ್ಟಿ ಗಾಡಿಗಳನ್ನು ಮೇಲಿನಿಂದ ಎಳೆಯುತ್ತಿದ್ದರಂತೆ. ಕಂಬಿಗಳನ್ನು ಯಾವುದೋ ಕಾಲಕ್ಕೆ ಕಿತ್ತುಕೊಂಡು ಹೋದರು, ದಿಣ್ಣೆಗೆ ಹೆಸರು ಮಾತ್ರ ಉಳಿಯಿತು. ಪಂಚಾಯಿತಿಯವರು ಅದರ ಮೇಲೆ ಟಾರು ಹಾಕಿದ ಮೇಲೆ ಭಾನುವಾರ ಬೆಂಗಳೂರಿನವರು ಕಾರಿನಲ್ಲಿ, ಸೈಕಲ್ಲಿನಲ್ಲಿ ಬಂದು ಹತ್ತುತ್ತಾರೆ. "ರೈಲೇ ಹಗ್ಗ ಹಿಡ್ಕೊಂಡು ಹತ್ತುತಿತ್ತಂತೆ, ನಮ್ಮ ಸೊಸೆ ಸೈಕಲ್ಲಲ್ಲಿ ಹತ್ತುತಾಳಂತೆ," ಎಂದು ಅಮ್ಮಯಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ನಕ್ಕಿದ್ದಳು.

ಕಾಲೂರಿದಳೋ ಇಲ್ಲವೋ ಎಂದು ನೋಡಲು ಕೆಂಪರಾಜ್ ಹಿಂದೆ ಬರಬೇಕಾಗಿಯೇ ಇರಲಿಲ್ಲ. ಡ್ಯಾಮಿನ ಸುತ್ತ ಇರುವ ಊರುಗಳಲ್ಲೆಲ್ಲ ನೆಂಟರು. ಈ ಊರಿಗೆ ಕೊಟ್ಟು ಆ ಊರಿನಿಂದ ತಂದು, ಒಂದು ಸುತ್ತು ಹಾಕುವಷ್ಟರಲ್ಲಿ ಚಿಕ್ಕಮ್ಮ, ಅತ್ತಿಗೆ, ದೊಡ್ಡಪ್ಪ, ಬೀಗರು ಎಲ್ಲ ಸಿಗುತ್ತಾರೆ. ಕೈಯಲ್ಲಿ ಫೋನು ಇಲ್ಲದವರು ಒಬ್ಬರೂ ಇಲ್ಲ. ಅವಳು ಎಲ್ಲಿ ಇಳಿದರೂ ಸುದ್ದಿ ಅವಳಿಗಿಂತ ಮುಂಚೆ ಮನೆ ಸೇರುತ್ತಿತ್ತು.

ಕೊನೆಗೆ ರೂಪ ಬ್ರೇಕು ಹಿಡಿದು ಕಟ್ಟೆಯ ಅಂಚಿಗೆ ಕೈಯೂರಿ ನಿಂತಳು. ಕೈ ಊರಬಾರದು ಎಂದು ಯಾರೂ ಹೇಳಿರಲಿಲ್ಲ. ಎರಡು ಕಾಲೂ ಪೆಡಲ್ಲಿನ ಮೇಲೇ ಇದ್ದವು. ಚಿಕ್ಕಮ್ಮ ಏದುಸಿರು ಬಿಡುತ್ತಾ ಬಂದು, ಓಡಿಸಿದ ಸಿಟ್ಟನ್ನೆಲ್ಲ ಸೇರಿಸಿ ಹಣೆಯಗಲಕ್ಕೆ ಕುಂಕುಮ ಬಳಿದಳು. ಅವರೆಕಾಯಿ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿದಳು.

"ಅಯ್ಯೋ, ಇದ್ಯಾಕೆ ಚಿಕ್ಕಮ್ಮಾ, ಏರು ಹತ್ತಬೇಕು ನಾನು!"

"ಸೊನೆ ಅವರೆ ಕಣೇ, ಘಮ್ ಅಂತದೆ. ಬರಿಗೈಲಿ ಕಳ್ಸೋಕಾಯ್ತದಾ? ನಡಿ ನಡಿ, ಹೊತ್ತಾಯ್ತು," ಎಂದಳು ಚಿಕ್ಕಮ್ಮ, ಇಷ್ಟು ಹೊತ್ತು ತಡೆದವಳು ಇನ್ಯಾರೋ ಎಂಬಂತೆ.

ಊರು ದಾಟಿದ ಮೇಲೆ ಡ್ಯಾಮಿನ ಏರಿ. ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ನೀರಿನಂಚಿನಲ್ಲಿ ಇಬ್ಬರು ಬಲೆ ಬಿಡಿಸುತ್ತಿದ್ದರು. ತೂಬಿನ ಹತ್ತಿರ ರಸ್ತೆ ಕಿತ್ತುಹೋಗಿ ಜಲ್ಲಿ ಎದ್ದಿತ್ತು. ಮೊದಲ ಸಲ ಚೈನು ಕಳಚಿದ್ದ ಆ ಜಾಗವನ್ನು ರೂಪ ಉಸಿರು ಹಿಡಿದು ದಾಟಿದಳು. ಅವರೆಕಾಯಿ ಚೀಲ ಪ್ರತಿ ತುಳಿತಕ್ಕೂ ಮಂಡಿಗೆ ಬಡಿಯುತ್ತಿತ್ತು. ಬಿಸಾಡೋಣ ಅನ್ನಿಸಿತು. ಬಿಸಾಡಿದರೆ ಆ ಸುದ್ದಿಯೂ ಮನೆ ಸೇರುತ್ತದೆ.

ಬೆಂಗಳೂರಿನ ಹುಡುಗರ ಒಂದು ಗುಂಪು ಹಿಂದಿನಿಂದ ಬಂದು ಸರ್ರನೆ ದಾಟಿತು. ಮೈಗಂಟಿದ ಬಟ್ಟೆ, ತಲೆಗೆ ಹೆಲ್ಮೆಟ್ಟು. "ಸೂಪರ್ ಆಂಟಿ, ಕಮಾನ್!" ಎಂದು ಒಬ್ಬ ಹೆಬ್ಬೆರಳು ಎತ್ತಿದ. "ಆಂಟಿಯಂತೆ, ನಿಮ್ಮಜ್ಜಿ," ಎಂದು ರೂಪ ಹಲ್ಲು ಕಚ್ಚಿ ತುಳಿದಳು. ಅವರು ಆಗಲೇ ನೀಲಗಿರಿ ತೋಪಿನ ಆಚೆ ಮರೆಯಾಗಿದ್ದರು.

ಕಂಬಿದಿಣ್ಣೆ ಬುಡದಿಂದ ನೆತ್ತಿಯವರೆಗೆ ನೆಟ್ಟಗೆ ಕಾಣುತ್ತದೆ, ತಿರುವಿಲ್ಲ, ಮುಲಾಜಿಲ್ಲ. ತುದಿಯಲ್ಲಿ ಗಾಡಿ ನಿಲ್ಲುತ್ತಿದ್ದ, ಈಗ ಸೂರಿಲ್ಲದ ಕಲ್ಲು ಕಟ್ಟಡ, ಅದರ ಹಿಂದೆ ಒಂದು ಟೀ ಅಂಗಡಿ. ಕೆಂಪರಾಜ್ ಅಲ್ಲಿ ಕಾಯುತ್ತೇನೆ ಎಂದಿದ್ದ. ಅವನು ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಬೆಳಗಿನ ಹಾಲು ಅಳೆದು ಕಳಿಸಿದರೆ ಸಾಯಂಕಾಲದ ಹಾಲಿನವರೆಗೂ ಅವನಿಗೆ ಪುರುಸೊತ್ತೋ ಪುರುಸೊತ್ತು.

ರೂಪ ದಿಣ್ಣೆಗೆ ಮುಖ ಮಾಡುವಾಗ ಹುಡುಗರ ಗುಂಪಿನಲ್ಲಿದ್ದ ಒಬ್ಬ ಸೈಕಲ್ ತಳ್ಳಿಕೊಂಡು ಇಳಿದು ಬರುತ್ತಿದ್ದ. ಅವನ ಚಕ್ರಕ್ಕೆ ಒಣಗಿದ ಬಳ್ಳಿ ಸುತ್ತಿಕೊಂಡಿತ್ತು.

"ಮೇಡಂ, ಮೇಲೆ ಹೋಗೋಕಾಗಲ್ಲ. ರೋಡ್ ತುಂಬಾ ಏನೋ ಹುಲ್ಲು ಹಾಕಿದಾರೆ. ಸ್ಲಿಪ್ ಆಗುತ್ತೆ."

ಹುಲ್ಲಲ್ಲ. ಅದೇನೆಂದು ಆ ಬಳ್ಳಿಯ ಬಣ್ಣ ನೋಡಿಯೇ ಅವಳಿಗೆ ಗೊತ್ತಾಯಿತು. ಹುರುಳಿ. ಆ ಸೀಮೆಯಲ್ಲಿ ಕಣ ಮಾಡಿ ಕಲ್ಲಿನ ಗುಂಡು ಎಳೆದು ಒಕ್ಕುವ ಕಾಲ ಹೋಗಿ, ಕಿತ್ತ ಹುರುಳಿಯನ್ನು ಟಾರು ರಸ್ತೆಗೆ ಹರಡಿಬಿಡುತ್ತಾರೆ. ಹೋಗಿ ಬರುವ ಕಾರು ಲಾರಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಮೇನ್ ರೋಡಿನಲ್ಲಿ ಹಾಕಬೇಡಿ ಎಂದು ಪೊಲೀಸರು ಮೊನ್ನೆ ಬಂದು ಹೇಳಿ ಹೋಗಿದ್ದರು. ಆದರೆ ಕಂಬಿದಿಣ್ಣೆಯ ಮೇಲೆ ಹುರುಳಿ ಹರಡುವ ತಲೆ ಯಾರದ್ದು? ಗುಡ್ಡದ ಪಕ್ಕದಲ್ಲಿ ಹೊಲ ಇರುವುದು ಯಾರದ್ದು? ದೇವರೇ, ಅವರಾಗಿರದಿರಲಿ ಎಂದುಕೊಂಡಳು.

ನಿಲ್ಲುವಂತಿರಲಿಲ್ಲ. ಹತ್ತತೊಡಗಿದಳು. ಗೇರಿಲ್ಲದ ಸೈಕಲ್ಲಿನಲ್ಲಿ ನೆಟ್ಟಗೆ ಹತ್ತಲು ಆಗುವುದಿಲ್ಲ ಎಂಬುದು ಅವಳಿಗೆ ಎಷ್ಟೋ ಭಾನುವಾರಗಳ ಕೆಳಗೇ ತಿಳಿದಿತ್ತು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ, ಅಲ್ಲಿಂದ ಮತ್ತೆ ಈ ಅಂಚಿಗೆ, ಅಡ್ಡಡ್ಡ ಹಾಯುತ್ತಾ ಹತ್ತಿದರೆ ಏರು ಒಂದಿಷ್ಟು ಮೆತ್ತಗಾಗುತ್ತದೆ. ಅರ್ಧ ದಾಟುವಷ್ಟರಲ್ಲಿ ಎಡಗಾಲಿನ ಒಳಗಿನ ರಾಡು ಇರುವ ಕಡೆ ಕಾಯಿಸಿದ ಹಾಗಾಯಿತು. ಕುಂಕುಮ ಬೆವರಿನೊಂದಿಗೆ ಕಣ್ಣಿಗಿಳಿಯಿತು. ಚಿಕ್ಕಮ್ಮನನ್ನು, ಗಂಡನನ್ನು, ಸೂಪರ್‌ವೈಸರನ್ನು, ಲೇಬಲ್ ಮೆಷಿನ್ನನ್ನು, ಅವರೆಕಾಯಿಯನ್ನು ಸಾಲಾಗಿ ಬೈದುಕೊಂಡಳು. ಬೈದಷ್ಟೂ ಕಾಲಿಗೆ ಬಲ ಬಂತು.

ಏರು ಮುಗಿಯಲು ಇನ್ನೊಂದಿಷ್ಟೇ ಉಳಿದಿದೆ ಅನ್ನುವ ಕಡೆ ಹುರುಳಿ ಬಿದ್ದಿತ್ತು. ಈ ಅಂಚಿನಿಂದ ಆ ಅಂಚಿಗೆ, ಮೊಣಕಾಲೆತ್ತರ. ನಡುವೆ ಕವೆಗೋಲು ಹಿಡಿದು, ತಲೆಗೆ ಸೆರಗು ಸುತ್ತಿ, ಬಳ್ಳಿ ತಿರುವಿ ಹಾಕುತ್ತಿದ್ದವಳು ಬೇರೆ ಯಾರೂ ಅಲ್ಲ, ಅತ್ತೆ ಅಮ್ಮಯಮ್ಮ.

"ಅತ್ತೇ! ಏನು ಮಾಡ್ಬಿಟ್ರಿ!"

ಅಮ್ಮಯಮ್ಮ ತಿರುಗಿ ನೋಡಿ ಬಾಯಿ ಬಿಟ್ಟಳು. "ಅಯ್ಯೋ, ಬಂದೇಬಿಟ್ಯಾ?"

"ಇವತ್ತೇ ಬರ್ತೀನಿ ಅಂತ ಗೊತ್ತಿರ್ಲಿಲ್ವಾ ನಿಮ್ಗೆ?"

"ಗೊತ್ತಿತ್ತು ಕಣೇ. ನೀನು ಇಲ್ಲೀಗಂಟ ಬತ್ತೀಯ ಅಂತ ಯಾವನಿಗೆ ಗೊತ್ತಿತ್ತು? ಎರಡು ವಾರ ಬರ್ಲೇ ಇಲ್ವಲ್ಲ. ಭಾನುವಾರ ಕಾರುಗಳು ಜಾಸ್ತಿ, ಇಲ್ಲಿ ನಿಧಾನಕ್ಕೆ ಹತ್ತುತವೆ, ಚೆನ್ನಾಗಿ ತುಳೀತವೆ ಅಂತ..."

ಆ ಮಾತು ರಾಡಿಗಿಂತ ಜಾಸ್ತಿ ನೋಯಿಸಿತು. ಬರುತ್ತಾಳೆ ಅಂತ ಯಾರೂ ಅಂದುಕೊಂಡೇ ಇರಲಿಲ್ಲ. ಅವಳು ದಾರಿಗೆ ಹೊರಟಾಗಲೇ ಅವಳ ದಾರಿಯ ಮೇಲೆ ಹುರುಳಿ ಹರಡಿದ್ದರು, ಅದೂ ಕೆಟ್ಟ ಮನಸ್ಸಿನಿಂದಲ್ಲ, ಲೆಕ್ಕಕ್ಕೇ ಇಲ್ಲ ಅನ್ನುವ ಹಾಗೆ. ರೂಪ ಹುರುಳಿಯ ಅಂಚಿನ ಉದ್ದಕ್ಕೂ ಆ ಕಡೆ ಹಾಯ್ದು, ಮತ್ತೆ ಈ ಕಡೆ ಹಾಯ್ದಳು. ಸೈಕಲ್ಲು ವಾಲತೊಡಗಿತು. "ದಾರಿ ಬಿಡಿ ಅತ್ತೆ! ಬೀಳ್ತೀನಿ! ಕಾಲೂರೋ ಹಂಗಿಲ್ಲ ನಾನು!" ಎಂದು ಕಿರುಚಿದಳು. ಅಳುವೇ ಬಂದುಬಿಟ್ಟಿತ್ತು.

ಅಮ್ಮಯಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕವೆಗೋಲು ಊರಿ ಬಳ್ಳಿಯನ್ನು ಎರಡೂ ಕಡೆಗೆ ತಳ್ಳತೊಡಗಿದಳು. ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ, ಮೇಲಕ್ಕೆ, ಸೊಸೆಯ ಕಡೆ ಮುಖ ಮಾಡಿಕೊಂಡೇ. ಕೋಲಾಡಿದ ಕಡೆ ಟಾರು ಕಾಣುತ್ತಿತ್ತು, ಒಂದು ಸೈಕಲ್ಲಿಗೆ ಸಾಕಾಗುವಷ್ಟು ಅಗಲ. ಇನ್ನು ಅಡ್ಡಡ್ಡ ಹಾಯಲು ಜಾಗವಿಲ್ಲ, ನೆಟ್ಟಗೇ ಹತ್ತಬೇಕು. ರೂಪ ಸೀಟಿನಿಂದ ಎದ್ದು ನಿಂತು ಪೆಡಲ್ಲಿನ ಮೇಲೆ ಮೈಭಾರವನ್ನೆಲ್ಲ ಬಿಟ್ಟಳು. ಎಡಗಾಲು, ಬಲಗಾಲು, ಎಡಗಾಲು. ಸೈಕಲ್ಲು ಮುದುಕಿಯ ಹೆಜ್ಜೆಯಷ್ಟೇ ಮುಂದೆ ಹೋಗುತ್ತಿತ್ತು.

"ಬಾ... ಬಾ... ವಸಿ ಈ ಕಡೆ... ಹಂಗೇ ಬಾ," ಅನ್ನುತ್ತಿದ್ದಳು ಅಮ್ಮಯಮ್ಮ, ಹೊಲದಿಂದ ಹಸು ಹೊಡೆದುಕೊಂಡು ಬರುವ ದನಿಯಲ್ಲಿ. ಅವಳ ಉಸಿರು ಸುಯ್ಯೆನ್ನುವುದು ರೂಪಳಿಗೆ ಕೇಳಿಸುತ್ತಿತ್ತು. ಹುರುಳಿ ರಾಶಿ ಮುಗಿಯುವ ಕಡೆ ಅಮ್ಮಯಮ್ಮನ ಹಿಮ್ಮಡಿ ಉದುರಿದ ಕಾಳಿನ ಮೇಲೆ ಬಿತ್ತು. ಕಾಲು ಸರಕ್ಕನೆ ಜಾರಿತು. ಕವೆಗೋಲು ಒಂದು ಕಡೆ, ಅವಳು ಒಂದು ಕಡೆ. ಬಲಗಾಲು ಮೈಯಡಿಗೆ ಮಡಚಿಕೊಂಡು ಕೂತ ಹಾಗೆ ಬಿದ್ದಳು.

"ಅತ್ತೇ!"

ರೂಪಳ ಕಾಲು ಪೆಡಲ್ಲಿನಿಂದ ಎದ್ದಿತ್ತು. ಇನ್ನೇನು ನೆಲಕ್ಕೆ ತಾಗಬೇಕು.

"ಊರ್ಬ್ಯಾಡ!" ಎಂದು ಅಮ್ಮಯಮ್ಮ ಅರಚಿದಳು. ಮುಖ ನೋವಿಗೆ ಕಿವುಚಿಹೋಗಿತ್ತು. "ಊರಿದ್ರೆ ನಿನ್ನ ಕಾಲು ನಾನೇ ಮುರೀತೀನಿ. ಹೋಗು! ಹೋಗೇ ಅಂದ್ರೆ!"

ಕಾಲು ವಾಪಸು ಪೆಡಲ್ಲಿಗೆ ಹೋಯಿತು. ತಾನು ಅದನ್ನು ಯೋಚಿಸಿ ಮಾಡಿದೆನೋ, ಕಾಲೇ ಮಾಡಿತೋ, ಆಮೇಲೆ ಎಷ್ಟು ನೆನೆಸಿಕೊಂಡರೂ ರೂಪಳಿಗೆ ತಿಳಿಯಲಿಲ್ಲ. ಮುಂದಿನ ಚಕ್ರ ಅಮ್ಮಯಮ್ಮನ ಸೀರೆಯ ಅಂಚನ್ನು ಮುಟ್ಟಿಕೊಂಡೇ ಹೋಯಿತು. ಉಳಿದ ಏರನ್ನು ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿಯೇ ಹತ್ತಿದಳು ಅನ್ನಬೇಕು. ಕಣ್ಣು ಬಿಟ್ಟಾಗ ನೆಲ ಸಮನಾಗಿತ್ತು.

ಕಲ್ಲು ಕಟ್ಟಡದ ಆಚೆ ಕೆಂಪರಾಜ್ ಬೆನ್ನು ತಿರುಗಿಸಿ ನಿಂತು, ಟೀ ಲೋಟ ಹಿಡಿದು ಫೋನಿನಲ್ಲಿ ಮಾತಾಡುತ್ತಿದ್ದ. ಆ ಕಡೆ ಮುನಿಲಕ್ಷ್ಮಮ್ಮ ಇದ್ದಿರಬೇಕು. "ಇಳೀಲೇ ಇಲ್ವಾ? ಕೈ ಊರಿದ್ಲಾ? ಕೈ ಬಿಡು ಅತ್ಲಾಗೆ..." ಅನ್ನುತ್ತಾ ತಿರುಗಿದವನು ಹೆಂಡತಿಯನ್ನು ಕಂಡು ಮಾತು ನಿಲ್ಲಿಸಿದ. ಸೈಕಲ್ಲಿನ ಮೇಲೆ ಕೂತವಳು, ಹಣೆಯ ತುಂಬ ಕೆಂಪು, ಹ್ಯಾಂಡಲ್ಲಿನಲ್ಲಿ ಅವರೆಕಾಯಿ. ಅವನ ಮುಖದಲ್ಲಿ ನಗು ಬಂತು. ನಿಜವಾಗಿಯೂ ಖುಷಿಯ ನಗುವೇ. ಅವಳ ಎದೆಯಲ್ಲೂ ಒಂದು ಗಳಿಗೆ ಹಬ್ಬವಾಯಿತು. ಒಂದೇ ಗಳಿಗೆ.

"ಅತ್ತೆ ಬಿದ್ದವ್ರೆ. ಕೆಳಗೆ. ಬನ್ರಿ ಬೇಗ," ಎಂದು ಸೈಕಲ್ಲನ್ನು ಹಾಗೇ ಬಿಟ್ಟು ಅವಳು ಕುಂಟುತ್ತಾ ಇಳಿದು ಓಡಿದಳು. ಸೈಕಲ್ಲು ಉರುಳಿ ಅವರೆಕಾಯಿಯೆಲ್ಲ ಚೆಲ್ಲಿತು.

ಅಮ್ಮಯಮ್ಮನ ಪಾದ ಆಗಲೇ ಊದಿಕೊಂಡಿತ್ತು. ಕೆಂಪರಾಜ್ ತಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಪಾದ ಮುಟ್ಟಿ ನೋಡಿ, ಆಮೇಲೆ ಹೆಂಡತಿಯ ಕಡೆ ತಲೆ ಎತ್ತಿದ. "ನೀನು ಬರೋದಕ್ಕೆ ಮುಂಚೆ ಬಿದ್ಲಾ, ಆಮೇಲೆ ಬಿದ್ಲಾ?"

"ನಾನು ಬರ್ತಾ ಇರೋವಾಗ್ಲೇ."

"ಬಿದ್ದಿದ್ದು ನೋಡಿದ್ಯಾ?"

"ಹೂಂ."

"ನೋಡಿಯೂ ತುಳ್ಕೊಂಡು ಬಂದ್ಬಿಟ್ಯಾ?"

"ನಾನೇ ಹೋಗು ಅಂದೆ ಕಣೋ," ಎಂದಳು ಅಮ್ಮಯಮ್ಮ. ಅವನು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮೇಲಿನಿಂದ ಇಳಿದು ಬಂದ ಕಾರೊಂದು ಹುರುಳಿಯ ಹಿಂದೆ ನಿಂತು ಹಾರ್ನು ಹೊಡೆಯತೊಡಗಿತು.

ದೊಡ್ಡಬಳ್ಳಾಪುರದಲ್ಲಿ ಕಾಲಿನ ಎಕ್ಸ್‌ರೇ ತೆಗೆಸಿದರು. ಗೆಣ್ಣಿನ ಮೂಳೆ ಬಿರುಕು ಬಿಟ್ಟಿದೆ, ಶಿವರಾತ್ರಿವರೆಗೆ ಕಾಲು ಊರಬಾರದು ಎಂದು ಡಾಕ್ಟರು ಪಟ್ಟಿ ಹಾಕಿ ಕಳಿಸಿದರು. ಮಧ್ಯಾಹ್ನ ಮನೆಗೆ ಬರುವಷ್ಟರಲ್ಲಿ ಸುದ್ದಿ ಡ್ಯಾಮನ್ನು ಒಂದು ಸುತ್ತು ಹಾಕಿ ಮುಗಿಸಿತ್ತು. ರೂಪ ಕಾಲೂರದೆ ಕಂಬಿದಿಣ್ಣೆ ಹತ್ತಿದಳು ಎಂಬ ಸುದ್ದಿಯಲ್ಲ. ಅತ್ತೆ ಬಿದ್ದರೂ ನಿಲ್ಲಿಸದೆ ಪಕ್ಕದಲ್ಲೇ ಸೈಕಲ್ಲು ಓಡಿಸಿಕೊಂಡು ಹೋದಳಂತೆ ಎಂಬ ಸುದ್ದಿ. "ಅಲ್ಲ ಕಣೇ, ವಸಿ ಇಳ್ದಿದ್ರೆ ಏನಾಗ್ತಿತ್ತು?" ಎಂದು ಫೋನು ಮಾಡಿದ ಮುನಿಲಕ್ಷ್ಮಮ್ಮನಿಗೆ ಏನು ಹೇಳಬೇಕೋ ತಿಳಿಯದೆ, "ಅವರೆಕಾಯಿ ಚೆಲ್ಲೋಯ್ತು ಚಿಕ್ಕಮ್ಮ," ಎಂದು ಹೇಳಿ ರೂಪ ಫೋನಿಟ್ಟಳು.

ಸಾಯಂಕಾಲ ಡೇರಿಯಿಂದ ಬಂದ ಕೆಂಪರಾಜ್ ಹೊಸಲಿನ ಹತ್ತಿರ ಚಪ್ಪಲಿ ಬಿಡುತ್ತಾ, "ನಾಳೆ ಕಂಪನಿಗೆ ಫೋನ್ ಮಾಡಿ ಹೇಳ್ಬಿಡು," ಅಂದ.

"ಏನಂತ?"

"ಇನ್ನೇನಂತ. ಅಮ್ಮನ್ನ ಯಾರು ನೋಡ್ಕೋತಾರೆ?"

"ನಾನು ಹತ್ತಿದ್ನೋ ಇಲ್ವೋ?"

"ಹತ್ತಿದೆ. ಇಲ್ಲ ಅಂದೋರ್ಯಾರು? ನಾನೇ ನೋಡಿದ್ನಲ್ಲ. ಆದ್ರೆ..."

ರೂಪ ಪಾತ್ರೆಯನ್ನು ಕುಕ್ಕಿದಳು. ಸೋತಿದ್ದರೆ ಸೋತೆ ಅಂದುಕೊಂಡು ಸುಮ್ಮನಾಗಬಹುದಿತ್ತು. ಗೆದ್ದು ಹೀಗಾದರೆ ಯಾರ ಮೇಲೆ ಹರಿಹಾಯುವುದು? ಅತ್ತೆಯ ಮೇಲೆ ಹರಿಹಾಯಲು ಆಗುವುದಿಲ್ಲ, ಅವಳೇ ದಾರಿ ಬಿಡಿಸಿದವಳು. ದಾರಿ ಮುಚ್ಚಿದವಳೂ ಅವಳೇ. ನೆನೆಸಿಕೊಂಡಷ್ಟೂ ತಲೆ ಕೆಟ್ಟಿತು. ಕಾಲು ಬೇರೆ ಪಟಪಟ ಸಿಡಿಯುತ್ತಿತ್ತು. ಎಣ್ಣೆ ಹಚ್ಚಿಕೊಳ್ಳುವುದನ್ನು ಗಂಡ ನೋಡಿಬಿಟ್ಟರೆ ಅದಕ್ಕೊಂದು ಮಾತು ಬರುತ್ತದೆ ಎಂದು ಹಚ್ಚಿಕೊಳ್ಳದೆಯೇ ಮಲಗಿದಳು.

ಬೆಳಿಗ್ಗೆ ಎದ್ದು ಕಸ ಗುಡಿಸಿ, ಮುದ್ದೆ ತಿರುವಿ, ಸಾರು ಮಾಡಿ ಮುಚ್ಚಿಟ್ಟಳು. ಮುದ್ದೆಯ ಕೋಲನ್ನು ಎರಡು ವರ್ಷದಲ್ಲಿ ಮೊದಲ ಸಲ ಯಾರೂ ಅವಳ ಕೈಯಿಂದ ಕಿತ್ತುಕೊಳ್ಳಲಿಲ್ಲ. ಹೊರಡುವುದೋ ಬಿಡುವುದೋ ತೀರ್ಮಾನವಾಗಿರಲಿಲ್ಲ, ಆದರೂ ಡಬ್ಬಿ ಕಟ್ಟಿ ಚೀಲಕ್ಕೆ ಹಾಕಿ, ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ನಡುಮನೆಯ ಮಂಚದ ಮೇಲೆ ಅಮ್ಮಯಮ್ಮ ಕಾಲು ಚಾಚಿ ಕೂತಿದ್ದಳು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಣ್ಣು ಕೆಂಪಗಾಗಿತ್ತು. ಮೂಲೆಯಲ್ಲಿದ್ದ ಬಿಂದಿಗೆ ಖಾಲಿಯಾಗಿದ್ದು ಕಂಡು, ಗೋಡೆ ಹಿಡಿದು ಏಳಲು ಹೋದಳು.

"ಎದ್ದೇಳ್ಬೇಡಿ ಅತ್ತೆ. ನೀವು ಕೂತ್ಕೊಳ್ಳಿ," ಎಂದಳು ರೂಪ.

"ಕೂತ್ಕೋ ಅನ್ಬ್ಯಾಡ ಕಣೇ ನಂಗೆ!" ಅಮ್ಮಯಮ್ಮ ಸಿಡುಕಿದಳು. "ನಿನ್ನೆಯಿಂದ ಅದೇ ಆಗೋಯ್ತು. ನೀರು ಕುಡೀತೀನಿ ಅಂದ್ರೆ ಕೂತ್ಕೋ, ಹಸ ಕೂಗ್ತದೆ ಅಂದ್ರೆ ಕೂತ್ಕೋ. ಒಂದಿನಕ್ಕೇ ತಲೆ ಕೆಟ್ಟೋಗದೆ."

ರೂಪ ಅತ್ತೆಯನ್ನು ನೋಡಿದಳು. ಹೊರಗೆ ಕೆಂಪರಾಜ್ ಡೇರಿ ಮುಗಿಸಿ ಬಂದು ಸ್ಕೂಟರು ನಿಲ್ಲಿಸುವ ಸದ್ದಾಯಿತು.

"ಎರಡು ವರ್ಷ ಎಂಗೇ ಕೂತಿದ್ದೆ ನೀನು?" ಎಂದಳು ಅಮ್ಮಯಮ್ಮ, ತಗ್ಗಿದ ದನಿಯಲ್ಲಿ.

ರೂಪ ಖಾಲಿ ಬಿಂದಿಗೆಯನ್ನು ಬಾಗಿಲ ಕಡೆ ಸರಿಸಿದಳು. ಅಮ್ಮಯಮ್ಮ ಮಂಚದ ಪಕ್ಕಕ್ಕೆ ಒರಗಿಸಿದ್ದ ಕವೆಗೋಲನ್ನು ತೆಗೆದುಕೊಂಡು, ಕೂತಲ್ಲಿಂದಲೇ ತೋಳು ಚಾಚಿ ಗೋಡೆಯ ಮೊಳೆಗೆ ಕವೆ ತೂರಿಸಿ ಊಟದ ಚೀಲವನ್ನು ಎತ್ತಿ ಕೆಳಗಿಳಿಸಿದಳು. ಕೋಲಿನ ತುದಿಯಲ್ಲಿ ಚೀಲ ತೂಗಾಡುತ್ತಾ ಸೊಸೆಯ ಮುಂದೆ ಬಂದು ನಿಂತಿತು.

"ಹಿಡ್ಕೋ. ಬಸ್ ಬರೋ ಹೊತ್ತು."

"ಅವಳು ಎಲ್ಲಿಗೆ ಹೋಗ್ತಾಳಮ್ಮಾ?" ಎನ್ನುತ್ತಾ ಕೆಂಪರಾಜ್ ಒಳಗೆ ಬಂದ. "ನಿನ್ನ ನೋಡ್ಕೊಳ್ಳೋರು ಯಾರು?"

"ಯಾಕ್ಲಾ, ನೀನು ಸತ್ತೋಗಿದ್ದೀಯಾ? ಡೇರಿ ಮುಚ್ಚಿದ್ರೆ ಸಂಜೇಗಂಟ ಅರಳಿಕಟ್ಟೆ ಕಾಯ್ತೀಯಲ್ಲ, ಅದನ್ನ ಯಾರೂ ಹೊತ್ಕೊಂಡು ಹೋಗಲ್ಲ. ತಗೋ," ಎಂದು ಅಮ್ಮಯಮ್ಮ ಚೀಲ ಕಳಚಿದ ಕವೆಗೋಲನ್ನು ಮಗನ ಕಡೆಗೆ ಚಾಚಿದಳು. "ಹುರುಳಿ ನಿನ್ನೆಯಿಂದ ರೋಡಲ್ಲಿ ಬಿದ್ದದೆ. ಇಬ್ಬನಿ ಬಿದ್ದು ಮೆತ್ತಗಾಗಿರ್ತದೆ, ತಿರುವಿ ಹಾಕಿ ಬಾ. ಬಂದು ನಂಗೆ ನೀರು ಕಾಯ್ಸು."

"ನಂಗೆ ತಿರುವೋಕೆ ಎಲ್ಲಿ ಬರ್ತದೆ?"

"ಬರ್ದಿದ್ರೆ ಕಲೀ."

ಕೆಂಪರಾಜ್ ತಾಯಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವಳು ಅವನ ಕಣ್ಣು ತಪ್ಪಿಸಲಿಲ್ಲ. ಅವನು ಏನೋ ಗೊಣಗುತ್ತಾ ಕೋಲು ಕಿತ್ತುಕೊಂಡು ಹೊರಗೆ ಹೋದ. ಸ್ಕೂಟರು ಬೇಕೆಂದೇ ಜೋರಾಗಿ ಸದ್ದು ಮಾಡಿಕೊಂಡು ಹೋಯಿತು. ಅವನು ಒಪ್ಪಿಕೊಂಡನೋ, ಸಾಯಂಕಾಲ ಬಂದು ಮತ್ತೆ ಅದೇ ರಾಗ ತೆಗೆಯುತ್ತಾನೋ, ದೇವರಿಗೇ ಗೊತ್ತು. ರೂಪ ಬಿಂದಿಗೆಗೆ ನೀರು ತುಂಬಿ, ಅತ್ತೆಯ ಕೈಗೆಟಕುವಲ್ಲಿ ಇಟ್ಟು, ಚಪ್ಪಲಿ ಮೆಟ್ಟಿದಳು.

ಬಸ್ಸು ಬಂದಾಗ ಡ್ರೈವರ್ ಚಿನ್ನಸ್ವಾಮಿ ಬಾಗಿಲಿನ ಕಡೆ ಬಗ್ಗಿ, "ಏನವ್ವಾ ರೂಪ, ನಿಮ್ಮತ್ತೆ ಬಿದ್ದೋದ್ರಂತೆ, ನೀನು ಹಂಗೇ ಹೊಂಟೋದ್ಯಂತೆ?" ಎಂದ. ಒಳಗೆ ಕೂತವರೆಲ್ಲ ಕತ್ತು ಉದ್ದ ಮಾಡಿದರು.

"ಹೂಂ ಚಿನ್ನಸ್ವಾಮಣ್ಣ. ಹೊಂಟೋದೆ," ಎಂದಳು ರೂಪ. ಎರಡು ವರ್ಷದ ಕೆಳಗೆ ತಾನು ಇಲ್ಲಿ ಜಾರಿ ಬಿದ್ದ ಮೇಲಿನಿಂದ ಅವಳು ಯಾವಾಗಲೂ ಬಲಗಾಲನ್ನೇ ಮೊದಲು ಮೆಟ್ಟಿಲಿಗೆ ಇಡುತ್ತಿದ್ದಳು. ಇವತ್ತು ಎಡಗಾಲಿಟ್ಟಳು. ನೋಯಿತು. ಕಂಬಿ ಹಿಡಿದು ಮೈಯನ್ನು ಮೇಲಕ್ಕೆಳೆದುಕೊಂಡಳು. ಯಾರೋ ಸೀಟು ಬಿಡಲು ಎದ್ದರು. ಬೇಡವೆಂದು ತಲೆಯಾಡಿಸಿ ಕಿಟಕಿಯ ಪಕ್ಕ ನಿಂತಳು.

ಬಸ್ಸು ಗುಡ್ಡದ ಬುಡ ಹಾಯುವಾಗ ಕಂಬಿದಿಣ್ಣೆ ನೆಟ್ಟಗೆ ನೆತ್ತಿಯವರೆಗೂ ಕಂಡಿತು. ಮೇಲೆ ಹುರುಳಿಯ ನಡುವೆ ಒಬ್ಬ ಗಂಡಸು ಕವೆಗೋಲನ್ನು ತಲೆಕೆಳಗಾಗಿ ಹಿಡಿದು ಬಳ್ಳಿ ಎತ್ತಲು ನೋಡುತ್ತಿದ್ದ. ಎತ್ತಿದ್ದೆಲ್ಲ ಅವನ ಕಾಲ ಮೇಲೇ ಬೀಳುತ್ತಿತ್ತು. ಅವನ ಹಿಂದೆ ಕಾರೊಂದು ನಿಂತು ಹಾರ್ನು ಹೊಡೆಯುತ್ತಿತ್ತು. ಅವನು ಆ ಕಡೆ ನೋಡಿ, ಈ ಕಡೆ ನೋಡಿ, ಕೊನೆಗೆ ಕೋಲನ್ನು ತಿರುಗಿಸಿ ಹಿಡಿದು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಳ್ಳಿಯನ್ನು ಅಂಚಿಗೆ ತಳ್ಳತೊಡಗಿದ.

"ಕಾಲು ನೋಡ್ಕೊಂಡು," ಎಂದಳು ರೂಪ, ಕಿಟಕಿಯ ಗಾಜಿಗೆ.